ಬಾರ್ಕೂರು: ಹಳ್ಳಿಯಾದ ರಾಜಧಾನಿ

ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿನಲ್ಲಿ, ಸೀತಾನದಿಯ ದಡದಲ್ಲಿರುವ ಐತಿಹಾಸಿಕ ಗ್ರಾಮ ಬಾರ್ಕೂರು. ಶಾಸನಗಳಲ್ಲಿ ಇದು ಬಾರಕನೂರು, ಬಾರಕೂರು ಎಂದು ಕಾಣಿಸಿಕೊಳ್ಳುತ್ತದೆ. ಹನೆಹಳ್ಳಿ, ಕಚ್ಚೂರು ಮತ್ತು ಹೊಸಾಳ ಗ್ರಾಮಗಳು ಸೇರಿದ ಪ್ರದೇಶವನ್ನು ಇಂದು ಬಾರ್ಕೂರೆಂದು ಕರೆಯುವುದು ವಾಡಿಕೆ.

ತುಳುನಾಡನ್ನು ಶತಮಾನಗಳ ಕಾಲ ಆಳಿದ ಅಳುಪರು ಮಂಗಳೂರು ಹಾಗೂ ಉದ್ಯಾವರದ ನಂತರ ಬಾರ್ಕೂರನ್ನು ರಾಜಧಾನಿಯಾಗಿಸಿಕೊಂಡರು. ಜೋಡಿ ಮೀನು ಅವರ ಲಾಂಛನವಾಗಿತ್ತು. 14ನೇ ಶತಮಾನದಲ್ಲಿ ಹೊಯ್ಸಳ ಮೂರನೇ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಇಲ್ಲಿಂದ ಆಳ್ವಿಕೆ ನಡೆಸಿದಳು. ವಿಜಯನಗರ ಕಾಲದಲ್ಲಿ ಕರಾವಳಿಯನ್ನು ಬಾರಕೂರು ಮತ್ತು ಮಂಗಳೂರು ಎಂಬ ರಾಜ್ಯಗಳಾಗಿ ವಿಂಗಡಿಸಿ ಅಧಿಕಾರಿಗಳನ್ನು ನೇಮಿಸಲಾಗಿತ್ತು.

1342ರ ಸುಮಾರಿಗೆ ಬಂದ ಪ್ರವಾಸಿ ಇಬ್ನ್ ಬತೂತಾ 'ಫಾಕನೂರ್' ಎಂಬ ಬಂದರನ್ನು ವರ್ಣಿಸಿದ್ದಾನೆ. ಅದು ಬಾರ್ಕೂರೇ ಎಂಬುದು ವಿದ್ವಾಂಸರ ಅಭಿಪ್ರಾಯ. ಅಲ್ಲಿನ ಕಬ್ಬಿಗೆ ಸಾಟಿಯಿಲ್ಲವೆಂದೂ, ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವೆಂದೂ, ಕಾಣಿಕೆ ನೀಡದೆ ಮುಂದೆ ಸಾಗುವ ಹಡಗುಗಳನ್ನು ಬೆನ್ನಟ್ಟಿ ಹಿಡಿಯಲಾಗುತ್ತಿತ್ತೆಂದೂ ಆತ ಬರೆದಿದ್ದಾನೆ. ಶಾಸನಗಳು ಇಲ್ಲಿನ ಹತ್ತು ಕೇರಿಗಳನ್ನೂ 'ಹಲರು' ಎಂಬ ವರ್ತಕ ಸಂಘಗಳನ್ನೂ ಉಲ್ಲೇಖಿಸುತ್ತವೆ. 'ಬಾರಕೂರು ಗದ್ಯಾಣ' ನಾಣ್ಯವಾಗಿ ಚಲಾವಣೆಯಲ್ಲಿತ್ತು.

ಅಳಿಯಸಂತಾನ ಪದ್ಧತಿಯ ಐತಿಹ್ಯವೂ ಈ ಊರಿಗೇ ಸೇರಿದ್ದು. ಕುಂಡೋದರನೆಂಬ ಭೂತ ನರಬಲಿ ಕೇಳಿದಾಗ ದೇವಪಾಂಡ್ಯನ ಹೆಂಡತಿ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತದ ಕೃಪೆಯಿಂದ ಬದುಕುಳಿದ ಆ ಅಳಿಯನೇ ಭೂತಾಳಪಾಂಡ್ಯನೆಂಬ ಅರಸನಾದನೆಂದು ಕಥೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಈ ಪದ್ಧತಿಯ ಕಾನೂನುಬಲ ಕುಗ್ಗಿದರೂ ಕುಟುಂಬದ ಹೆಸರು, ದೈವಾರಾಧನೆಗಳಲ್ಲಿ ಅದರ ಕುರುಹು ಉಳಿದಿದೆ.

ವಿಜಯನಗರದ ಪತನದ ಬಳಿಕ ಪ್ರದೇಶ ಕೆಳದಿ ಅರಸರ ವಶವಾಯಿತು. ವ್ಯಾಪಾರ ಬಸರೂರು, ಮಂಗಳೂರುಗಳತ್ತ ಸರಿದು ನಗರ ಹಳ್ಳಿಯಾಯಿತು.

ನೋಡಬೇಕಾದವುಗಳಲ್ಲಿ ಇಳಿಜಾರು ಕಲ್ಲುಚಾವಣಿಯ ಕತ್ತಲೆ ಬಸದಿ, ಕೋಟೆಕೇರಿಯ ಪಂಚಲಿಂಗೇಶ್ವರ, ಮೂಡುಕೇರಿಯ ಸೋಮನಾಥೇಶ್ವರ, ಚೌಳಿಕೇರಿಯ ಗಣಪತಿ ದೇವಾಲಯಗಳು ಹಾಗೂ ಕೋಟೆಯ ಅವಶೇಷಗಳು ಮುಖ್ಯವಾದವು. ದೇವಾಲಯಗಳಿಗೆ ಪೂಜೆ, ಜೀರ್ಣೋದ್ಧಾರಗಳ ಆಸರೆಯಿದೆ. ಪೂಜೆಯಿಲ್ಲದ ಕೋಟೆಗೋಡೆಗೆ, ಬಯಲಲ್ಲಿ ನಿಂತ ಶಾಸನಕ್ಕೆ ಆ ಭಾಗ್ಯವಿಲ್ಲ. ಅರಮನೆಯಾಗಲಿ ಪೇಟೆಯಾಗಲಿ ಉಳಿಯದ ಈ ರಾಜಧಾನಿಗೆ ಆ ಕಲ್ಲುಗಳೇ ದಾಖಲೆ. ಒಂದು ಶಾಸನ ಅಳಿದರೆ ಇತಿಹಾಸದ ಒಂದು ಪುಟವೇ ಅಳಿದಂತೆ.

ತಲುಪುವುದು ಹೇಗೆ: ಉಡುಪಿಯಿಂದ ಸುಮಾರು 16 ಕಿ.ಮೀ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ರಹ್ಮಾವರಕ್ಕೆ ಬಂದು ಪೂರ್ವಕ್ಕೆ ತಿರುಗಬೇಕು. ಕೊಂಕಣ ರೈಲ್ವೆಯ ಬಾರ್ಕೂರು ನಿಲ್ದಾಣವೂ ಇದೆ.