ಕೃಷಿಕರ ಅನುಭವ ಹಂಚಿಕೆ

ಕೃಷಿಕರು ತಾವು ಕಂಡುಕೊಂಡ ಉಪಾಯಗಳನ್ನು ಇತರರಿಗೆ ಮುಕ್ತವಾಗಿ ತಿಳಿಸುವ ಪದ್ಧತಿ. ಇದರಿಂದ ಬೆಳೆಯುವ ವಿಶ್ವಾಸವೇ ತೋಟಕ್ಕೆ ಸಂದರ್ಶಕರನ್ನೂ ಸಸಿ, ಉತ್ಪನ್ನಗಳಿಗೆ ಗ್ರಾಹಕರನ್ನೂ ಕರೆತರುತ್ತದೆ. ಕನ್ನಡದಲ್ಲಿ ಇದಕ್ಕೆ ಗಟ್ಟಿ ನೆಲೆ ಒದಗಿಸಿದ್ದು 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’. ಕಾಸರಗೋಡು ಗಡಿಯ ಕೃಷಿಕ-ಪತ್ರಕರ್ತ ಶ್ರೀ ಪಡ್ರೆ ಈ ಪತ್ರಿಕೆಯ ಮೂಲಕ ‘ಕೃಷಿಕರ ಕೈಗೆ ಲೇಖನಿ’ ಎಂಬ ಆಶಯದಿಂದ ಬೆಳೆಗಾರರನ್ನೇ ಬರಹಗಾರರನ್ನಾಗಿಸಿದರು. ಲೇಖನದ ಜತೆ ಕೃಷಿಕರ ಸಂಪರ್ಕ ವಿವರವನ್ನೂ ಅಚ್ಚು ಮಾಡಿದ್ದರಿಂದ ಓದುಗರು ನೇರವಾಗಿ ತೋಟಕ್ಕೆ ಬರಲು ದಾರಿಯಾಯಿತು. ನೀರಿಂಗಿಸುವಿಕೆ, ಹಲಸಿನ ಮೌಲ್ಯವರ್ಧನೆಯ ಅರಿವು ಹೀಗೆ ಹರಡಿತು. ಇಂಥ ಹಂಚಿಕೆ ತುಮಕೂರು ಜಿಲ್ಲೆಯ ಹಂದನಕೆರೆ, ತಿಪಟೂರು, ತುರುವೇಕೆರೆಗಳ ತೆಂಗು ಸೀಮೆಗೂ ಅಗತ್ಯ; ನುಸಿಪೀಡೆ, ಕಪ್ಪುತಲೆ ಹುಳುವಿನ ಬಾಧೆ ಒಂದೇ ತೋಟಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ನೆರೆಯವರ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಪ್ರಚಾರಕ್ಕಿಂತ ಮೊದಲಿನ ಕರ್ತವ್ಯ.