ಹೆಸರಿಗೆ ಮೂರು, ಎಣಿಸಿದರೆ ಎರಡು: ಹ್ಯಾನ್ವೆಲ್‌ನ ಬೀಡುಕಬ್ಬಿಣದ ಸೇತುವೆ

ಪಶ್ಚಿಮ ಲಂಡನ್ನಿನ ಹ್ಯಾನ್ವೆಲ್ ಹತ್ತಿರ ‘ತ್ರೀ ಬ್ರಿಜಸ್’ ಅನ್ನೋ ಜಾಗ ಇದೆ. ಎಣಿಸಿದರೆ ಸಿಗೋದು ಎರಡೇ ಸೇತುವೆ. ಮೇಲೆ ವಿಂಡ್‌ಮಿಲ್ ಲೇನ್ ರಸ್ತೆ, ಅದರಡಿ ಗ್ರ್ಯಾಂಡ್ ಜಂಕ್ಷನ್ ಕಾಲುವೆ, ಅದಕ್ಕೂ ಕೆಳಗೆ ಬ್ರೆಂಟ್‌ಫರ್ಡ್‌ಗೆ ಹೋಗುವ ರೈಲು. ರಸ್ತೆಗೂ ಬೀಡುಕಬ್ಬಿಣ, ಕಾಲುವೆಯ ನೀರು ನಿಂತಿರುವ ತೊಟ್ಟಿಗೂ ಬೀಡುಕಬ್ಬಿಣ. ರೈಲಿಗೆ ಸೇತುವೆಯೇ ಬೇಕಿಲ್ಲ, ಅದು ಅಗೆದ ತಗ್ಗಿನಲ್ಲಿ ನೆಲದ ಮೇಲೇ ಓಡುತ್ತೆ. ಜನ ಹೆಸರಿಡುವಾಗ ಎಣಿಸಿದ್ದು ದಾರಿಗಳನ್ನು.

ಕಟ್ಟಿದ್ದು 1856ರಿಂದ 1859ರವರೆಗೆ, ಇಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್. ರೈಲು ಮಾರ್ಗ ತೆರೆದದ್ದು 1859ರ ಜುಲೈನಲ್ಲಿ, ಸೆಪ್ಟೆಂಬರಿನಲ್ಲಿ ಬ್ರೂನೆಲ್ ತೀರಿಕೊಂಡರು. ಅದೇ ವರ್ಷದ ಸಾಲ್ಟ್ಯಾಷ್ ಸೇತುವೆಯ ನೆತ್ತಿಯ ಮೇಲೆ ಅವರ ಹೆಸರೂ ಇಸವಿಯೂ ದೊಡ್ಡಕ್ಷರದಲ್ಲಿವೆ. ಅದು ಸತ್ತ ಮೇಲೆ ಹಾಕಿಸಿದ ನೆನಪಿನ ಬರಹ. ಅಂಥ ಬರಹ ಪ್ರತಿ ಸೇತುವೆಯಲ್ಲೂ ಸಿಗೋದಿಲ್ಲ. ತೇದಿಯಿಲ್ಲದ ಶಾಸನಕ್ಕೆ ಲಿಪಿ ನೋಡಿ ಶತಮಾನ ಹೇಳ್ತೀವಲ್ಲ, ಕಬ್ಬಿಣಕ್ಕೂ ಹಾಗೇ. ಹಾಳೆ ಜೋಡಿಸಿ ಸಾಲುಸಾಲು ರಿವೆಟ್ ಹೊಡೆದಿದ್ದರೆ ಅದು ಮೆದುಕಬ್ಬಿಣ ಅಥವಾ ಉಕ್ಕು. ಬೀಡುಕಬ್ಬಿಣದ ತೊಲೆಯಾದರೆ ಅಚ್ಚಿನಿಂದ ಇಡಿಯಾಗಿ ಬಂದಿರುತ್ತೆ, ಬಹಳ ಸಲ ಕೆಳಗಿನ ಅಂಚು ಮೇಲಿನದಕ್ಕಿಂತ ಅಗಲ. ಈ ಲೋಹ ಅದುಮಿದರೆ ತಡೆಯುತ್ತೆ, ಎಳೆದರೆ ಸೀಳುತ್ತೆ. ತೊಲೆ ಬಾಗಿದಾಗ ಎಳೆತ ಬೀಳೋದು ಕೆಳಗಡೆ.

ಆ ದೌರ್ಬಲ್ಯಕ್ಕೆ ಜೀವ ಹೋಗಿದ್ದೂ ಉಂಟು. 1847ರ ಮೇ 24ರಂದು ಚೆಸ್ಟರ್ ಹತ್ತಿರ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿದ್ದ ಡೀ ಸೇತುವೆಯ ಬೀಡುಕಬ್ಬಿಣದ ತೊಲೆ ರೈಲಿನಡಿ ಮುರಿದು ಐವರು ಸತ್ತರು. ಹನ್ನೆರಡು ವರ್ಷಕ್ಕೆ ಅದೇ ಲೋಹ ಹ್ಯಾನ್ವೆಲ್‌ನಲ್ಲಿ! ಆದರೆ ಲೆಕ್ಕ ಹಾಕಿ ನೋಡಿ. ಇಲ್ಲಿ ರೈಲಿನ ಭಾರ, ಅದುರು ಯಾವುದೂ ಬೀಡುಕಬ್ಬಿಣದ ಮೇಲೆ ಬೀಳೋದಿಲ್ಲ. ರಸ್ತೆಯಲ್ಲಿ ಆಗ ಕುದುರೆಗಾಡಿ. ತೊಟ್ಟಿಗೆ ನೀರಿನ ಭಾರ ವಿಪರೀತ ನಿಜ, ಆದರೆ ಅದು ಹಗಲೂ ರಾತ್ರಿ ಹೆಚ್ಚುಕಮ್ಮಿ ಒಂದೇ. ದೋಣಿ ಬಂದರೂ ತನ್ನ ತೂಕದಷ್ಟೇ ನೀರನ್ನು ಆಚೆ ಸರಿಸುತ್ತೆ, ಹಾಗಾಗಿ ತೊಟ್ಟಿಗೆ ಅದು ಬಂದದ್ದೇ ಗೊತ್ತಾಗಲ್ಲ. ಹಠಾತ್ ಹೊಡೆತ ತಾಳದ ಲೋಹಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಯಾವುದು? ಇಲ್ಲಿ ದಾರಿಗಳು ಬಂದ ಕ್ರಮವೇ ರೈಲನ್ನು ತಳಕ್ಕೆ ಹಾಕಿತು: ಕಾಲುವೆ ಮೊದಲೇ ಇತ್ತು, ಹಳಿ ಆಮೇಲೆ.

ಕೆಳಗೆ ಈಗಲೂ ಸರಕು ರೈಲು ಓಡುತ್ತೆ, ಜಾಗ ಸಂರಕ್ಷಿತ ಸ್ಮಾರಕ. ಈಗಿನ ನಕ್ಷೆಯಲ್ಲಿ ಹುಡುಕುವವರು ‘ಗ್ರ್ಯಾಂಡ್ ಯೂನಿಯನ್’ ಕಾಲುವೆ ಅಂತ ನೋಡಿ, 1929ರಿಂದ ಅದರ ಹೆಸರು ಅದೇ.