ಬ್ರೂಕ್ಲಿನ್ ಗೆದ್ದ ಮಧ್ಯಾಹ್ನ: 1955ರ ಒಂದು ಕ್ಯಾಚು, ಒಂದು ಲೆಕ್ಕದ ಪುಸ್ತಕ

ಇವತ್ತಿನ ಕಂತು ಬೇಸ್‌ಬಾಲ್ ಬಗ್ಗೆ. ಆಟದ ನಿಯಮ ಪೂರ್ತಿ ಗೊತ್ತಿರಬೇಕು ಅಂತೇನಿಲ್ಲ. ಕ್ರಿಕೆಟ್ ನೋಡಿದ್ರೆ ಸಾಕು, ಮಿಕ್ಕಿದ್ದನ್ನ ದಾರಿಯಲ್ಲಿ ಹೇಳ್ತಾ ಹೋಗ್ತೀನಿ. ಯಾಕಂದ್ರೆ ಇದು ಆಟದ ಕಥೆಗಿಂತ ಹೆಚ್ಚಾಗಿ ಅಭಿಮಾನಿಗಳ ಕಥೆ. ತಮ್ಮ ತಂಡ ಗೆದ್ದ ಮೇಲೆ ಜನ ‘ನಾವು ಗೆದ್ವಿ’ ಅಂತಾರಲ್ಲ, ಆ ‘ನಾವು’ ಯಾರು ಅನ್ನೋ ಪ್ರಶ್ನೆ.

ತಂಡದ ಹೆಸರು ಬ್ರೂಕ್ಲಿನ್ ಡಾಡ್ಜರ್ಸ್. ಬ್ರೂಕ್ಲಿನ್ 1898ರ ತನಕ ಸ್ವತಂತ್ರ ನಗರ. ಆಮೇಲೆ ನ್ಯೂಯಾರ್ಕ್ ಮಹಾನಗರದೊಳಗೆ ಸೇರಿಹೋಯಿತು. ಸ್ವಂತ ಊರು ಅನ್ನೋ ಹೆಮ್ಮೆ ಉಳಿಯೋದಕ್ಕೆ ಜನರ ಕೈಯಲ್ಲಿದ್ದ ದೊಡ್ಡ ವಸ್ತು ಈ ತಂಡ. ಹೆಸರು ಕೂಡ ಬೀದಿಯಿಂದಲೇ ಬಂದದ್ದು: ರಸ್ತೆ ತುಂಬಾ ಓಡಾಡುತ್ತಿದ್ದ ಟ್ರಾಲಿ ಗಾಡಿಗಳಿಂದ ತಪ್ಪಿಸಿಕೊಂಡು ನಡೆಯುವವರು ಅಂತ ಬ್ರೂಕ್ಲಿನ್ನಿನವರನ್ನ ಕರೀತಿದ್ರು, ಅದೇ ‘ಡಾಡ್ಜರ್ಸ್’ ಆಯಿತು.

ಈ ತಂಡ ಚೆನ್ನಾಗಿ ಆಡ್ತಿತ್ತು, ಆದ್ರೆ ಕೊನೇ ಮೆಟ್ಟಿಲಲ್ಲಿ ಎಡವುತ್ತಿತ್ತು. ಅಮೆರಿಕದ ಎರಡು ಲೀಗ್‌ಗಳ ಚಾಂಪಿಯನ್ನರು ಏಳು ಪಂದ್ಯಗಳ ಫೈನಲ್‌ನಲ್ಲಿ ಎದುರಾಗ್ತಾರೆ. ನಾಲ್ಕು ಗೆದ್ದವರಿಗೆ ಪಟ್ಟ. ಇದೇ ವರ್ಲ್ಡ್ ಸೀರೀಸ್. ಬ್ರೂಕ್ಲಿನ್ 1916ರಲ್ಲಿ ಸೋತಿತು, 1920ರಲ್ಲಿ ಸೋತಿತು. ಆಮೇಲೆ 1941, 1947, 1949, 1952, 1953. ಈ ಐದೂ ಸಲ ಸೋತದ್ದು ಅದೇ ಊರಿನ ಇನ್ನೊಂದು ಭಾಗದ, ಹಣವಂತ, ಗೆದ್ದು ಗೆದ್ದು ಅಭ್ಯಾಸವಾಗಿದ್ದ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ. ಹಾಗಾಗಿ ಬ್ರೂಕ್ಲಿನ್ನಿನ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು: ಮುಂದಿನ ವರ್ಷ ನೋಡ್ಕೊಳ್ತೀವಿ. ನಮ್ಮ ಕಡೆ ಇದಕ್ಕೆ ಸಮನಾದ ಘೋಷಣೆ ಯಾವುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಬಿಡಿ.

ತಮ್ಮ ಆಟಗಾರರನ್ನ ಅವರು ಪ್ರೀತಿಯಿಂದ ಬೈಯುತ್ತಿದ್ದ ಹೆಸರು ‘ಬಮ್ಸ್’. ಕನ್ನಡದಲ್ಲಿ ದಂಡಪಿಂಡಗಳು ಅನ್ನಬಹುದು. ಹೊರಗಿನವರು ಅಂದ್ರೆ ಜಗಳ, ತಾವೇ ಅಂದ್ರೆ ಮಮತೆ. ಅವರ ಮೈದಾನ ಎಬೆಟ್ಸ್ ಫೀಲ್ಡ್, 1913ರಲ್ಲಿ ತೆರೆದದ್ದು, ಸುಮಾರು 32,000 ಜನ ಹಿಡಿಸುವ ಸಣ್ಣ ಜಾಗ. ಅಲ್ಲಿ ಹಿಲ್ಡಾ ಚೆಸ್ಟರ್ ಅನ್ನೋ ಮಹಿಳೆ ದನದ ಕೊರಳಿಗೆ ಕಟ್ಟುವಂಥ ಗಂಟೆ ಬಾರಿಸ್ತಾ ಕೂರುತ್ತಿದ್ದರು. ಬೇಕಂತಲೇ ಅಪಸ್ವರದಲ್ಲಿ ನುಡಿಸುವ ಅಭಿಮಾನಿಗಳ ಬ್ಯಾಂಡ್ ಒಂದಿತ್ತು. ಪೆವಿಲಿಯನ್, ಗ್ಯಾಲರಿ ಅನ್ನೋ ದೂರವೇ ಅಲ್ಲಿರಲಿಲ್ಲ. ಆಟಗಾರ ಏನು ಗೊಣಗಿದ ಅನ್ನೋದೂ ಮುಂದಿನ ಸಾಲಿಗೆ ಕೇಳಿಸ್ತಿತ್ತು.

ಈ ಜನರನ್ನ ಅರ್ಥ ಮಾಡಿಕೊಳ್ಳೋದಕ್ಕೆ ಗಿಲ್ ಹಾಡ್ಜಸ್ ಪ್ರಸಂಗ ಒಂದು ಸಾಕು. ಹಾಡ್ಜಸ್ ತಂಡದ ಫಸ್ಟ್ ಬೇಸ್ ಆಟಗಾರ, ದೊಡ್ಡ ಹೊಡೆತದವರು, ಮೆಲುಮಾತಿನವರು. 1952ರ ಫೈನಲ್‌ನಲ್ಲಿ 21 ಸಲ ಬ್ಯಾಟ್ ಬೀಸಲು ನಿಂತು ಒಂದೇ ಒಂದು ಹಿಟ್ ಕೂಡ ಬರಲಿಲ್ಲ. ಏಳು ಪಂದ್ಯ, ಸೊನ್ನೆ. ಮುಂದಿನ ವರ್ಷದ ಶುರುವಿನಲ್ಲೂ ಲಯ ಸಿಗಲಿಲ್ಲ. ಬೇರೆ ಊರಾಗಿದ್ರೆ ಗ್ಯಾಲರಿಯಿಂದ ಕೂಗಾಟ ಬರ್ತಿತ್ತು. ಬ್ರೂಕ್ಲಿನ್ನಿನಲ್ಲಿ ಒಬ್ಬ ಪಾದ್ರಿ ಭಾನುವಾರದ ಪ್ರಾರ್ಥನೆಯಲ್ಲಿ, ಸೆಕೆ ಜಾಸ್ತಿ, ಇವತ್ತು ಉಪದೇಶ ಬೇಡ, ಮನೆಗೆ ಹೋಗಿ ಹಾಡ್ಜಸ್‌ಗೋಸ್ಕರ ಪ್ರಾರ್ಥನೆ ಮಾಡಿ ಅಂದುಬಿಟ್ಟರು. ಜನ ಅವರಿಗೆ ಕಾಗದ ಬರೆದರು, ಹಾರೈಕೆ ಕಳಿಸಿದರು. ಇದನ್ನ ನೆನಪಲ್ಲಿಟ್ಕೊಳ್ಳಿ, ಹಾಡ್ಜಸ್ ಮತ್ತೆ ಬರ್ತಾರೆ.

ಈಗ 1955. ಡಾಡ್ಜರ್ಸ್ ಲೀಗಿನ ಮೊದಲ 10 ಪಂದ್ಯಗಳನ್ನ ಸತತವಾಗಿ ಗೆದ್ದು ಆರಾಮಾಗಿ ಫೈನಲ್ ತಲುಪಿದರು. ಎದುರು ಮತ್ತೆ ಯಾಂಕೀಸ್. ಮೊದಲ ಪಂದ್ಯದ 8ನೇ ಇನ್ನಿಂಗ್ಸ್‌ನಲ್ಲಿ ಜಾಕಿ ರಾಬಿನ್ಸನ್ ಹೋಮ್ ಪ್ಲೇಟ್ ಕದ್ದರು. ಅಂದ್ರೆ ಪಿಚರ್, ಅಂದ್ರೆ ಬೌಲರ್, ಚೆಂಡು ಎಸೆಯೋ ಹೊತ್ತಿಗೇ ಮೂರನೇ ಬೇಸಿನಿಂದ ನುಗ್ಗಿ ರನ್ ಗಳಿಸಿಬಿಡೋದು. 1947ರಲ್ಲಿ ದೊಡ್ಡ ಲೀಗುಗಳ ವರ್ಣಭೇದದ ಗೋಡೆ ಒಡೆದ ಅದೇ ರಾಬಿನ್ಸನ್. ಆಗ ಅವರಿಗೆ 36 ವರ್ಷ. ಯಾಂಕೀಸ್ ಕ್ಯಾಚರ್ ಯೋಗಿ ಬೆರಾ ಅಂಪೈರ್ ಮುಂದೆ ಕುಣಿದಾಡಿಬಿಟ್ಟರು. ಅವನು ಔಟ್ ಅಂತ ಸಾಯೋ ತನಕ ವಾದಿಸ್ತಾನೇ ಇದ್ದರು. ಎರಡು ರನ್ ಹಿಂದಿರುವಾಗ ಇಂಥ ಸಾಹಸ ಬೇಕಿತ್ತಾ ಅನ್ನೋ ತಕರಾರೂ ಇತ್ತು, ಲೆಕ್ಕದ ದೃಷ್ಟಿಯಿಂದ ಅದು ಸರಿಯೇ. ಪಂದ್ಯ 6–5ರಲ್ಲಿ ಹೋಯಿತು. ಎರಡನೆಯದೂ ಹೋಯಿತು. ಮೊದಲ ಎರಡು ಸೋತು ಏಳು ಪಂದ್ಯಗಳ ವರ್ಲ್ಡ್ ಸೀರೀಸ್ ಗೆದ್ದ ತಂಡ ಅದುವರೆಗೆ ಒಂದೂ ಇರಲಿಲ್ಲ.

ಮೂರನೇ ಪಂದ್ಯಕ್ಕೆ ಕೋಚ್ ವಾಲ್ಟರ್ ಆಲ್ಸ್ಟನ್ ಚೆಂಡು ಕೊಟ್ಟದ್ದು ಜಾನಿ ಪಾಡ್ರೆಸ್ ಕೈಗೆ. ಕಬ್ಬಿಣದ ಅದಿರಿನ ಗಣಿ ಕಾರ್ಮಿಕರ ಮಗ, ಎಡಗೈ ಪಿಚರ್. ಆ ಸೀಸನ್ನಿನಲ್ಲಿ 9 ಗೆಲುವು, 10 ಸೋಲು. ಮೂರನೇ ಪಂದ್ಯದ ದಿನವೇ ಅವರಿಗೆ 23 ತುಂಬಿತು. ಅವತ್ತು 8–3ರಿಂದ ಗೆದ್ದರು. ಬ್ರೂಕ್ಲಿನ್ ತನ್ನ ಮೈದಾನದಲ್ಲಿ ಮೂರೂ ಗೆದ್ದಿತು, ಆರನೆಯದನ್ನ ಯಾಂಕೀಸ್ ಗೆದ್ದು ಸಮ ಮಾಡಿದರು. ಅಕ್ಟೋಬರ್ 4, ಮಂಗಳವಾರ, ಏಳನೇ ಪಂದ್ಯ, ಯಾಂಕೀ ಸ್ಟೇಡಿಯಂ, 62,000ಕ್ಕೂ ಹೆಚ್ಚು ಜನ. ರಾಬಿನ್ಸನ್ ಗಾಯದಿಂದ ಹೊರಗೆ. ಪಿಚರ್ ಮತ್ತೆ ಪಾಡ್ರೆಸ್.

ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ ಒಂದು ರನ್, ಆರನೆಯದರಲ್ಲಿ ಇನ್ನೊಂದು. ಎರಡೂ ರನ್ ತಂದುಕೊಟ್ಟವರು ಗಿಲ್ ಹಾಡ್ಜಸ್. ಆ ಪಾದ್ರಿ ಅವತ್ತು ಎಷ್ಟು ಹಿಗ್ಗಿರಬೇಕು!

ಈಗ ಆರನೇ ಇನ್ನಿಂಗ್ಸ್‌ನ ಎರಡನೇ ಅರ್ಧ, ಯಾಂಕೀಸ್ ಬ್ಯಾಟಿಂಗ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಅದಕ್ಕೆ ಸ್ವಲ್ಪ ಮುಂಚೆ ಹೆಚ್ಚುವರಿ ರನ್ ಆಸೆಗೆ ಆಲ್ಸ್ಟನ್, ಸೆಕೆಂಡ್ ಬೇಸ್ ಆಟಗಾರ ಡಾನ್ ಝಿಮ್ಮರ್ ಬದಲು ಬೇರೊಬ್ಬರನ್ನ ಬ್ಯಾಟಿಂಗ್‌ಗೆ ಕಳಿಸಿದ್ದರು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಹೋದವರು ಆ ಪಂದ್ಯಕ್ಕೆ ವಾಪಸ್ ಬರುವಂತಿಲ್ಲ. ಆ ಬ್ಯಾಟಿಂಗ್‌ನಿಂದ ರನ್ನೇನೂ ಬರಲಿಲ್ಲ. ಆದ್ರೆ ಸೆಕೆಂಡ್ ಬೇಸ್ ಖಾಲಿ ಆಯ್ತಲ್ಲ, ಲೆಫ್ಟ್ ಫೀಲ್ಡ್‌ನಲ್ಲಿದ್ದ ಜಿಮ್ ಗಿಲಿಯಂ ಅಲ್ಲಿಗೆ ಬಂದರು. ಲೆಫ್ಟ್ ಫೀಲ್ಡ್‌ಗೆ ಬೆಂಚಿನಿಂದ ಹೋದವರು ಕ್ಯೂಬಾದ ಸ್ಯಾಂಡಿ ಅಮೊರೋಸ್. ಕರಿಯ ಆಟಗಾರ, ಇಂಗ್ಲಿಷ್ ಅಷ್ಟಾಗಿ ಬರ್ತಿರಲಿಲ್ಲ.

ಯಾಂಕೀಸ್‌ನ ಇಬ್ಬರು ಬೇಸ್ ಮೇಲೆ ನಿಂತರು, ಒಬ್ಬರೂ ಔಟಿಲ್ಲ. ಬ್ಯಾಟಿಂಗ್‌ಗೆ ಯೋಗಿ ಬೆರಾ. ಎಡಗೈ ಬ್ಯಾಟರ್, ಸಾಮಾನ್ಯವಾಗಿ ಬಲಗಡೆಗೇ ಎಳೆದು ಹೊಡೆಯೋರು. ಹಾಗಾಗಿ ಅಮೊರೋಸ್ ಗೆರೆಯಿಂದ ಬಹಳ ದೂರ, ಮಧ್ಯದ ಕಡೆಗೆ ಸರಿದು ನಿಂತಿದ್ದರು. ಬೆರಾ ಹೊಡೆದ ಚೆಂಡು ಉಲ್ಟಾ, ಎಡಮೂಲೆಗೆ, ಗೆರೆಯ ಪಕ್ಕಕ್ಕೇ ತೇಲಿತು. ಬಿದ್ದಿದ್ರೆ ಇಬ್ಬರೂ ಮನೆ ಸೇರಿ ಸ್ಕೋರ್ ಸಮ ಆಗ್ತಿತ್ತು. ಅಮೊರೋಸ್ ಓಡಿದರು, ಓಡ್ತಾನೇ ಇದ್ದರು, ಬೇಲಿ ಹತ್ತಿರ ಬರ್ತಾ ಬಲಗೈ ಚಾಚಿದರು. ಚೆಂಡು ಗ್ಲೌಸಿನಲ್ಲಿ ಕೂತಿತು. ಮರುಕ್ಷಣ ತಿರುಗಿ ಪೀ ವೀ ರೀಸ್‌ಗೆ ಎಸೆತ, ರೀಸ್‌ನಿಂದ ಹಾಡ್ಜಸ್‌ಗೆ. ಕ್ಯಾಚ್ ಆಗಲ್ಲ ಅಂದ್ಕೊಂಡು ಸೆಕೆಂಡ್ ಬೇಸ್ ದಾಟಿ ಓಡಿದ್ದ ಮೆಕ್‌ಡೂಗಲ್ಡ್ ವಾಪಸ್ ಫಸ್ಟ್ ಬೇಸ್ ಮುಟ್ಟೋದರೊಳಗೆ ಅವರೂ ಔಟ್. ಒಂದೇ ಚೆಂಡಿಗೆ ಎರಡು ವಿಕೆಟ್ ಅಂದ್ಕೊಳ್ಳಿ.

‘ಬಲಗೈ’ ಅಂದೆನಲ್ಲ, ಅಭಿಮಾನಿಗಳ ಚರ್ಚೆ ಎಲ್ಲಾ ನಿಂತಿರೋದು ಅದರ ಮೇಲೆ. ಅಮೊರೋಸ್ ಎಡಗೈಯಲ್ಲಿ ಎಸೆಯೋರು, ಹಾಗಾಗಿ ಗ್ಲೌಸ್ ಬಲಗೈಗೆ, ಅಂದ್ರೆ ಆ ಮೂಲೆಯ ಕಡೆಗೇ. ಗಿಲಿಯಂ ಬಲಗೈಯಲ್ಲಿ ಎಸೆಯೋರು, ಗ್ಲೌಸ್ ಎಡಗೈಗೆ. ಅವರು ಅಲ್ಲಿದ್ದಿದ್ರೆ ಓಡ್ತಾ ಓಡ್ತಾ ಮೈಗೆ ಅಡ್ಡಲಾಗಿ ಎಡಗೈ ಚಾಚಬೇಕಿತ್ತು. ಸಿಗ್ತಿತ್ತಾ? ಎಪ್ಪತ್ತು ವರ್ಷ ಆಯಿತು, ಬೇಸ್‌ಬಾಲ್ ಮಂದಿ ಇನ್ನೂ ವಾದಿಸ್ತಿದ್ದಾರೆ. ಹಾಗಾದ್ರೆ ಗೆಲ್ಲಿಸಿದ್ದು ಆಲ್ಸ್ಟನ್ ಬುದ್ಧಿಯಾ, ಅಮೊರೋಸ್ ಕಾಲಾ, ಇಲ್ಲಾ ಝಿಮ್ಮರ್‌ನ ಹೊರಗೆ ಕೂರಿಸಿದ್ದಾ?

ನಾನು ಪಾಡ್ರೆಸ್ ಪಕ್ಷ. ಕ್ಯಾಚ್ ಒಂದು ಕ್ಷಣದ್ದು. ಅವರು ಒಂಬತ್ತೂ ಇನ್ನಿಂಗ್ಸ್ ಎಸೆದರು. ಯಾಂಕೀಸ್‌ಗೆ ಎಂಟು ಹಿಟ್ ಕೊಟ್ಟರು, ರನ್ ಒಂದೂ ಕೊಡಲಿಲ್ಲ. ಎಂಟನೇ ಇನ್ನಿಂಗ್ಸ್‌ನಲ್ಲಿ ಮತ್ತೆ ಇಬ್ಬರು ಬೇಸ್ ಮೇಲಿದ್ದಾಗ ಹ್ಯಾಂಕ್ ಬಾವರ್‌ನ ಸ್ಟ್ರೈಕ್ ಔಟ್ ಮಾಡಿದರು. ಅಲ್ಲಿ ಯಾವ ಅದೃಷ್ಟವೂ ಇಲ್ಲ. ಕೊನೆಯ ಔಟ್ ರೀಸ್‌ನಿಂದ ಹಾಡ್ಜಸ್‌ಗೆ. ಐದೂ ಸೋಲುಗಳನ್ನ ಮೈದಾನದಲ್ಲೇ ಕಂಡಿದ್ದ ಕ್ಯಾಪ್ಟನ್ ರೀಸ್, ಅವರ ಎಸೆತದಿಂದಲೇ ಮುಗಿಯಿತು. 2–0. ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರ ಅನ್ನೋ ಪ್ರಶಸ್ತಿ ಶುರುವಾದದ್ದೇ ಆ ವರ್ಷ. ಮೊದಲನೆಯದು ಪಾಡ್ರೆಸ್‌ಗೆ, ಜೊತೆಗೊಂದು ಕಾರ್ವೆಟ್ ಕಾರು.

ಬ್ರೂಕ್ಲಿನ್ ಬೀದಿಗೆ ಬಂತು. ಕಾರಿನ ಹಾರ್ನ್, ಚರ್ಚಿನ ಗಂಟೆ, ಕಿಟಕಿಗಳಿಂದ ಕಾಗದದ ಚೂರು. ಆದ್ರೆ ಒಂದು ವಿಷಯ ನನಗೆ ಚುಚ್ಚುತ್ತೆ. ಬ್ರೂಕ್ಲಿನ್ನಿಗೆ ತನ್ನದೇ ಒಂದು ದಿನಪತ್ರಿಕೆ ಇತ್ತು, ‘ಬ್ರೂಕ್ಲಿನ್ ಈಗಲ್’, ನೂರು ವರ್ಷಕ್ಕೂ ಹಳೆಯದು. ಅಷ್ಟೂ ಸೋಲುಗಳನ್ನ ವರದಿ ಮಾಡಿದ್ದ ಪತ್ರಿಕೆ. ಅದು 1955ರ ಆರಂಭದಲ್ಲೇ ಮುಚ್ಚಿಹೋಗಿತ್ತು. ಗೆಲುವಿನ ಮರುದಿನ ಹಲ್ಲಿಲ್ಲದ ಬಾಯಿ ಅಗಲಿಸಿ ನಗುವ ದಂಡಪಿಂಡದ ಚಿತ್ರ ಹಾಕಿ, ‘ಯಾರಯ್ಯಾ ದಂಡಪಿಂಡ!’ ಅನ್ನೋ ಧಾಟಿಯ ತಲೆಬರಹ ಕೊಟ್ಟದ್ದು ಮ್ಯಾನ್‌ಹಟನ್ನಿನ ‘ಡೈಲಿ ನ್ಯೂಸ್’. ಊರಿನ ಗೆಲುವನ್ನ ಬರೆಯೋಕೆ ಊರಿನ ಪತ್ರಿಕೆ ಇರಲಿಲ್ಲ.

ಇನ್ನು ಲೆಕ್ಕದ ಪುಸ್ತಕ. ಬಿ.ಕಾಂ ಓದಿದವನ ಚಾಳಿ, ಸಹಿಸಿಕೊಳ್ಳಿ. ತಂಡದ ಮಾಲೀಕ ವಾಲ್ಟರ್ ಒಮಾಲಿ. 1947ರಲ್ಲಿ ಎಬೆಟ್ಸ್ ಫೀಲ್ಡ್‌ಗೆ ಬಂದ ಪ್ರೇಕ್ಷಕರು ಸುಮಾರು 18 ಲಕ್ಷ. ಚಾಂಪಿಯನ್ ಆದ 1955ರಲ್ಲಿ ಸುಮಾರು 10.3 ಲಕ್ಷ. ಹಳೇ ಗಿರಾಕಿಗಳು ಉಪನಗರಗಳಿಗೆ ಹೋಗ್ತಿದ್ರು, ಟೀವಿ ಬಂದಿತ್ತು, ಮೈದಾನದಲ್ಲಿ ನಿಲ್ಲಿಸಬಹುದಾದ ಕಾರು ಸುಮಾರು 700 ಮಾತ್ರ. ಅದೇ ಹೊತ್ತಿಗೆ 1953ರಲ್ಲಿ ಬಾಸ್ಟನ್ ಬಿಟ್ಟು ಮಿಲ್ವಾಕಿಗೆ ಹೋದ ಬ್ರೇವ್ಸ್ ತಂಡ ವರ್ಷಕ್ಕೆ 20 ಲಕ್ಷ ಟಿಕೆಟ್ ಮಾರ್ತಿತ್ತು. ಹಾಗಂತ ಡಾಡ್ಜರ್ಸ್ ನಷ್ಟದಲ್ಲಿತ್ತಾ? ಇಲ್ಲ. ಲೀಗಿನ ಅತಿ ಲಾಭದ ತಂಡಗಳಲ್ಲಿ ಅದೂ ಒಂದು. ಒಮಾಲಿಗೆ ಭಯವಿದ್ದದ್ದು ಇವತ್ತಿನ ಲಾಭದ ಬಗ್ಗೆ ಅಲ್ಲ, ಹತ್ತು ವರ್ಷ ಆದಮೇಲಿನ ಮಿಲ್ವಾಕಿಯ ಲಾಭದ ಬಗ್ಗೆ.

ಗೆಲುವಿಗೆ ಮುಂಚೆ, 1955ರ ಆಗಸ್ಟ್‌ನಲ್ಲೇ ಅವರು ಘೋಷಿಸಿಬಿಟ್ಟಿದ್ದರು: ಮುಂದಿನ ವರ್ಷ ಏಳು ಪಂದ್ಯ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ. ಬ್ರೂಕ್ಲಿನ್ನಿನ ಅಟ್ಲಾಂಟಿಕ್ ಮತ್ತು ಫ್ಲ್ಯಾಟ್‌ಬುಷ್ ರಸ್ತೆಗಳು ಸೇರುವಲ್ಲಿ ಸ್ವಂತ ಖರ್ಚಿನಲ್ಲಿ ಹೊಸ ಸ್ಟೇಡಿಯಂ ಕಟ್ತೀನಿ, ಜಾಗ ಸ್ವಾಧೀನ ಮಾಡಿಕೊಡಿ ಅನ್ನೋದು ಅವರ ಬೇಡಿಕೆ. ನಗರದ ನಿರ್ಮಾಣಗಳ ಮೇಲೆಲ್ಲ ಹಿಡಿತವಿದ್ದ ರಾಬರ್ಟ್ ಮೋಸೆಸ್ ಒಪ್ಪಲಿಲ್ಲ, ಬೇಕಾದ್ರೆ ಕ್ವೀನ್ಸ್‌ಗೆ ಹೋಗಿ ಅಂದರು. ಇವರಿಬ್ಬರಲ್ಲಿ ತಪ್ಪು ಯಾರದ್ದು ಅಂತ ಪುಸ್ತಕಗಳೇ ಬಂದಿವೆ. ನನಗೆ ಕಾಣೋದಿಷ್ಟು: ಇಬ್ಬರ ಲೆಕ್ಕದಲ್ಲೂ ಹಿಲ್ಡಾ ಚೆಸ್ಟರ್‌ಗೆ ಒಂದು ಕಾಲಂ ಇರಲಿಲ್ಲ.

1957ರ ಸೆಪ್ಟೆಂಬರ್ 24, ಎಬೆಟ್ಸ್ ಫೀಲ್ಡ್‌ನ ಕೊನೇ ಪಂದ್ಯ. ಬಂದವರು 6,702 ಜನ. ಎರಡು ವಾರದಲ್ಲಿ ಅಧಿಕೃತ ಘೋಷಣೆ: ತಂಡ ಲಾಸ್ ಏಂಜಲಿಸ್‌ಗೆ. ಅಲ್ಲಿ ಮೊದಲ ವರ್ಷವೇ 18 ಲಕ್ಷ ಟಿಕೆಟ್. ಇನ್ನೊಂದು ಕಡೆಯನ್ನೂ ಹೇಳಬೇಕು. ಅಲ್ಲಿ ಡಾಡ್ಜರ್ ಸ್ಟೇಡಿಯಂ ಎದ್ದ ಚಾವೇಜ್ ರವೀನ್ ಜಾಗದಿಂದ ಮೆಕ್ಸಿಕನ್ ಮೂಲದ ಕುಟುಂಬಗಳನ್ನ ಒಕ್ಕಲೆಬ್ಬಿಸಲಾಗಿತ್ತು. ಒಂದು ಊರಿನ ತಂಡ ಹೋದ ಕಥೆ, ಇನ್ನೊಂದು ಊರಿನ ಮನೆಗಳು ಹೋದ ಕಥೆಯೂ ಹೌದು. 1960ರ ಫೆಬ್ರುವರಿಯಲ್ಲಿ ಎಬೆಟ್ಸ್ ಫೀಲ್ಡ್ ಒಡೆಯೋದಕ್ಕೆ ಬಂದ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಥರ ಬಣ್ಣ ಬಳಿದಿದ್ದರು. ಯಾರಿಗೆ ಹೊಳೆದ ಐಡಿಯಾನೋ ಏನೋ. ಈಗ ಅಲ್ಲಿ ಅಪಾರ್ಟ್‌ಮೆಂಟ್‌ಗಳಿವೆ.

ಅಮೊರೋಸ್ ಕಥೆ ಬಾಕಿ ಇದೆ. ಅವರು ಕ್ಯೂಬಾಕ್ಕೆ ವಾಪಸ್ ಹೋಗಿದ್ದರು. ಸೇನೆಯ ತಂಡ ನಡೆಸಿಕೊಡಿ ಅಂತ ಫಿಡೆಲ್ ಕ್ಯಾಸ್ಟ್ರೋ ಕೇಳಿದಾಗ ಒಪ್ಪಲಿಲ್ಲ. ಆಸ್ತಿ, ಕಾರು ಎಲ್ಲಾ ಸರ್ಕಾರದ ಪಾಲಾಯಿತು. 1967ರಲ್ಲಿ ಬರಿಗೈಲಿ ಅಮೆರಿಕಕ್ಕೆ ಬಂದರು. ಆಟಗಾರರ ಪಿಂಚಣಿಗೆ ಬೇಕಾದ ಸೇವಾವಧಿಗೆ ಅವರಿಗೆ ಕೆಲವೇ ದಿನ ಕಮ್ಮಿ ಇತ್ತು. ಆಗ ಲಾಸ್ ಏಂಜಲಿಸ್ ಡಾಡ್ಜರ್ಸ್, ಅಂದ್ರೆ ಅದೇ ಒಮಾಲಿಯ ಕಂಪನಿ, 37 ವರ್ಷದ ಅಮೊರೋಸ್ ಹೆಸರನ್ನ ಆ ಕೊರತೆ ತುಂಬುವಷ್ಟು ದಿನ ತಂಡದ ಪಟ್ಟಿಗೆ ಸೇರಿಸಿಕೊಂಡಿತು. ಒಂದು ಪಂದ್ಯವನ್ನೂ ಆಡಿಸಲಿಲ್ಲ. ಪಿಂಚಣಿಯ ಅರ್ಹತೆ ಸಿಕ್ಕಿತು.

ಇವತ್ತಿಗೆ ಇಷ್ಟು. ಗಿಲಿಯಂ ಆ ಕ್ಯಾಚ್ ಹಿಡೀತಿದ್ರಾ ಇಲ್ವಾ, ನಿಮ್ಮ ವಾದ ಬರೆದು ಕಳಿಸಿ. ಸಿಗೋಣ.